‘ಚೆನ್ನಾಗಿದೆ’ ಅನ್ನಬೇಡಿ, ಎಲ್ಲಿ ಸಿಕ್ಕಿಬಿದ್ದಿರಿ ಹೇಳಿ

ವಾಚನಾಲಯದ ಎಲ್ಲ ಸದಸ್ಯರಿಗೆ, ಊರಲ್ಲೇ ಇರುವವರಿಗೂ ಊರು ಬಿಟ್ಟು ಬೆಂಗಳೂರು, ಪುಣೆ, ದುಬೈ, ಅಮೆರಿಕ ಸೇರಿದವರಿಗೂ,

ನಮ್ಮ ಹೊಸ ವೆಬ್‌ಸೈಟಿನ ಕರಡು ತಯಾರಾಗಿ, ಅದರ ಲಿಂಕ್ ನಿಮ್ಮೆಲ್ಲರ ಫೋನಿಗೆ ಬಂದಾಗಿದೆ. ‘ನೋಡಿ, ಹೇಗಿದೆ ಹೇಳಿ’ ಎಂದು ಕೇಳಿದ್ದೆವು. ಉತ್ತರಗಳಿಗೇನೂ ಬರವಿಲ್ಲ. ಹೆಬ್ಬೆರಳುಗಳು, ಮುಗಿದ ಕೈಗಳು, ‘ಸೂಪರ್’, ‘ಅಭಿನಂದನೆಗಳು’, ‘ತುಂಬಾ ಚೆನ್ನಾಗಿ ಮೂಡಿಬಂದಿದೆ’. ಒಬ್ಬರಂತೂ ಹೂಗುಚ್ಛದ ಚಿತ್ರವನ್ನೇ ಕಳಿಸಿದ್ದಾರೆ. ಸೈಟ್ ಕಟ್ಟಿಕೊಟ್ಟವಳು ನಮ್ಮೂರಿನ ಹುಡುಗಿ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ, ಶನಿವಾರ ಭಾನುವಾರದ ನಿದ್ದೆ ಕೆಡಿಸಿಕೊಂಡು, ಒಂದು ಪೈಸೆ ತೆಗೆದುಕೊಳ್ಳದೆ ಮಾಡಿದ್ದಾಳೆ. ಈ ಉತ್ತರಗಳನ್ನೆಲ್ಲ ಓದಿ ಅವಳು ನನಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: ‘ಆಂಟಿ, ಇವರಲ್ಲಿ ಎಷ್ಟು ಜನ ಲಿಂಕ್ ಒತ್ತಿದ್ದಾರೆ?’ ಯಾವ ಪುಟ ಎಷ್ಟು ಸಲ ತೆರೆದಿದೆ ಅನ್ನುವ ಲೆಕ್ಕ ಅವಳಿಗೆ ಕಾಣುತ್ತದೆ. ಹೆಬ್ಬೆರಳುಗಳೇ ಅದಕ್ಕಿಂತ ಜಾಸ್ತಿ ಇದ್ದವು.

ಮದುವೆ ಮನೆಯಲ್ಲಿ ಕೈತೊಳೆಯುವಾಗ ಮದುಮಗಳ ಅಪ್ಪ ಎದುರಾಗಿ ‘ಊಟ ಹೇಗಾಯ್ತು?’ ಎಂದರೆ ‘ಸಾರಿಗೆ ಉಪ್ಪು ಸಾಲದು’ ಎಂದು ಯಾರೂ ಹೇಳುವುದಿಲ್ಲ. ಮುಗಿದ ಊಟ, ಹೇಳಿ ಪ್ರಯೋಜನವೂ ಇಲ್ಲ. ಆದರೆ ನಮ್ಮ ಸಾರು ಇನ್ನೂ ಒಲೆಯ ಮೇಲೇ ಇದೆ. ಈಗ ಹೇಳಬೇಕು. ಹಾಗಾಗಿ ಈ ಪತ್ರ.

ಎಲ್ಲರೂ ಹೊಗಳಿದಿರಿ ಅಂತಲ್ಲ. ಸಲಹೆ ಕೊಟ್ಟವರೂ ಇದ್ದೀರಿ. ಬಣ್ಣ ಡಲ್ ಆಯಿತು. ಬಣ್ಣ ಜಾಸ್ತಿಯಾಯಿತು. ಮೇಲುಗಡೆ ಸರಸ್ವತಿಯ ಚಿತ್ರ ಬೇಕು. ಅಧ್ಯಕ್ಷರ ಭಾವಚಿತ್ರ ದೊಡ್ಡದಾಗಬೇಕು (ಇದನ್ನು ಅಧ್ಯಕ್ಷರು ಹೇಳಲಿಲ್ಲ, ಅವರ ಪರವಾಗಿ ಇನ್ನೊಬ್ಬರು ಹೇಳಿದರು). ‘ಸುಸ್ವಾಗತ’ ಅನ್ನುವ ಅಕ್ಷರಗಳು ಬಲದಿಂದ ಎಡಕ್ಕೆ ಓಡಬೇಕು. ಕಳೆದ ಸಮಿತಿ ಸಭೆಯಲ್ಲಿ ಶೀರ್ಷಿಕೆ ಪಟ್ಟಿ ಹಸಿರಿರಬೇಕೋ ಕೆಂಪಿರಬೇಕೋ ಅನ್ನುವುದರಲ್ಲೇ ಕಾಫಿ ತಣ್ಣಗಾಯಿತು. ಪುಸ್ತಕ ಕಾದಿರಿಸುವುದು ಹೇಗೆ ಅನ್ನುವ ವಿಷಯಕ್ಕೆ ಬರುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಪಾರ್ಕಿನ್ಸನ್ ಎಂಬ ಬ್ರಿಟಿಷ್ ಲೇಖಕ 1957ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇಂಥದೇ ಒಂದು ಸಮಿತಿಯ ಕಥೆ ಹೇಳಿದ್ದಾನೆ. ಅಲ್ಲಿ ಅಣುಸ್ಥಾವರದ ಭಾರಿ ಮೊತ್ತದ ಪ್ರಸ್ತಾವ ಕೆಲವೇ ನಿಮಿಷಗಳಲ್ಲಿ ಪಾಸಾಗುತ್ತದೆ, ಯಾಕೆಂದರೆ ಅದು ಯಾರಿಗೂ ಅರ್ಥವಾಗಿಲ್ಲ. ಗುಮಾಸ್ತರ ಸೈಕಲ್ ನಿಲ್ಲಿಸುವ ಶೆಡ್ಡಿಗೆ ಮಾತ್ರ ಮುಕ್ಕಾಲು ಗಂಟೆ ಚರ್ಚೆಯಾಗುತ್ತದೆ, ಯಾಕೆಂದರೆ ಸೈಕಲ್ ಶೆಡ್ಡು ಎಲ್ಲರಿಗೂ ಗೊತ್ತು. ಬಣ್ಣ ನಮ್ಮ ಸೈಕಲ್ ಶೆಡ್ಡು.

ಬಣ್ಣ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಗೂಗಲ್ ಕಂಪನಿ ಒಂದು ಕಾಲದಲ್ಲಿ ತನ್ನ ಲಿಂಕ್‌ಗಳಿಗೆ ಯಾವ ನೀಲಿ ಸರಿ ಎಂದು ತಿಳಿಯಲು 41 ಬಗೆಯ ನೀಲಿಗಳನ್ನು ಪರೀಕ್ಷೆಗೆ ಇಟ್ಟಿತ್ತು. 2009ರಲ್ಲಿ ಅಲ್ಲಿಂದ ಹೊರಬಂದ ಹಿರಿಯ ವಿನ್ಯಾಸಕಾರ ಡಗ್ಲಸ್ ಬೌಮನ್, ಇಂಥ ಲೆಕ್ಕಾಚಾರದ ನಡುವೆ ಕೆಲಸ ಮಾಡಲಾಗದು ಎಂದು ಬರೆದುಕೊಂಡ. ಅವರಿಗಾದರೆ ಕೋಟ್ಯಂತರ ಜನ ಬರುತ್ತಾರೆ. ಯಾವ ನೀಲಿಯನ್ನು ಎಷ್ಟು ಜನ ಒತ್ತಿದರು ಎಂದು ಎಣಿಸಬಹುದು. ನಮ್ಮಲ್ಲಿ ಕೈ ಎತ್ತಿಸಿ ಎಣಿಸಿದರೆ ಗೊತ್ತಾಗುವುದು ಸಭೆಗೆ ಯಾರು ಬಂದಿದ್ದರು ಅನ್ನುವುದು ಮಾತ್ರ. ಬಣ್ಣದ ವಿಷಯದಲ್ಲಿ ನಾನು ನಿಮ್ಮಿಂದ ಕೇಳುವುದು ಒಂದೇ: ಮಧ್ಯಾಹ್ನ ಹನ್ನೆರಡಕ್ಕೆ ಅಂಗಳದಲ್ಲಿ ನಿಂತು ಫೋನ್ ನೋಡಿ. ಅಕ್ಷರ ಕಾಣುತ್ತದೆಯೆ? ಪುಸ್ತಕದ ಹೆಸರಿನ ಕೆಳಗೆ ಪ್ರಕಾಶಕರ ಹೆಸರು ಬೂದು ಬಣ್ಣದಲ್ಲಿದೆ, ನೋಡಲು ನಾಜೂಕು. ವೆಬ್ ತಂತ್ರಜ್ಞಾನದ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ, ಮಾಮೂಲಿ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ಅನುಪಾತ ಇರಬೇಕು ಎಂದು 2008ರಿಂದಲೇ ಹೇಳುತ್ತಿದೆ. ಅಳೆದು ನೋಡಿದರೆ ನಮ್ಮ ಬೂದು ಫೇಲು. ಆದರೆ ಅಳತೆಗಿಂತ, ‘ನನಗೆ ಕಾಣಲಿಲ್ಲ’ ಎಂದು ನಮ್ಮ ಸದಸ್ಯರೊಬ್ಬರು ಹೇಳಿದರೆ ಸಮಿತಿಯಲ್ಲಿ ಮಾತು ಬೇಗ ಮುಗಿಯುತ್ತದೆ.

ನಮಗೆ ಬೇಕಾದದ್ದು ನಿಮ್ಮ ಅಭಿಪ್ರಾಯಕ್ಕಿಂತ ನಿಮ್ಮ ಪಾಡು. ಏನು ಮಾಡಲು ಸೈಟಿಗೆ ಹೋದಿರಿ? ಎಲ್ಲಿ ಒತ್ತಿದಿರಿ? ಏನಾಗುತ್ತದೆ ಅಂದುಕೊಂಡಿರಿ, ಏನಾಯಿತು? ಎಲ್ಲಿ ಬೇಸತ್ತು ಫೋನ್ ಕೆಳಗಿಟ್ಟಿರಿ? ಇದು ಯಾಕೆ ಬೇಕು ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ನಮ್ಮ ಹಿರಿಯ ಸದಸ್ಯೆ, ತ್ರಿವೇಣಿಯವರ ಕಾದಂಬರಿಗಳನ್ನು ಪುಟದ ಸಂಖ್ಯೆಸಹಿತ ಹೇಳಬಲ್ಲವರು.

ಅವರ ಕೈಗೆ ಅವರದೇ ಫೋನ್ ಕೊಟ್ಟು, ‘ಶರಪಂಜರ ನಮ್ಮಲ್ಲಿದೆಯಾ ನೋಡಿ, ಇದ್ದರೆ ನಿಮ್ಮ ಹೆಸರಿಗೆ ಕಾದಿರಿಸಿ’ ಎಂದೆ. ಆಮೇಲೆ ಬಾಯಿ ಮುಚ್ಚಿ ಕೂತೆ. ಇದು ಬಲು ಕಷ್ಟದ ಕೆಲಸ, ಮಾಡಿ ನೋಡಿದವರಿಗೇ ಗೊತ್ತು. ಸೈಟ್ ತೆರೆಯಿತು. ವಾಚನಾಲಯದ ಕಟ್ಟಡದ ಫೋಟೊ ಫೋನಿನ ಪರದೆ ತುಂಬ ಬಂತು. ಅವರು ಕಾದರು. ಇನ್ನೂ ಏನೋ ಬರುತ್ತಿದೆ ಅಂದುಕೊಂಡರು. ಕೆಳಗೆ ಇನ್ನೂ ಇದೆ, ಸರಿಸಬೇಕು ಎಂದು ತಿಳಿಯಲು ಪರದೆಯಲ್ಲಿ ಯಾವ ಗುರುತೂ ಇರಲಿಲ್ಲ. ಕಟ್ಟಡದ ಬಾಗಿಲಿನ ಮೇಲೆ ಬೆರಳಿಟ್ಟರು. ಬಾಗಿಲು ತೆರೆಯಲಿಲ್ಲ. ಮೂಲೆಯಲ್ಲಿದ್ದ ಮೂರು ಗೀಟನ್ನು ನೋಡಿದರು, ಮುಟ್ಟಲಿಲ್ಲ. ಅದು ಅಲಂಕಾರಕ್ಕೆ ಎಳೆದದ್ದು ಅಂದುಕೊಂಡಿದ್ದರಂತೆ. ಅದರೊಳಗೇ ಇಡೀ ಮೆನು ಅಡಗಿದೆ. ಕೊನೆಗೆ ಬೆರಳು ತಾಗಿ ಪುಟ ಮೇಲೆ ಸರಿದಾಗ ಹುಡುಕುವ ಜಾಗ ಕಂಡಿತು. ಮೈಕ್ ಒತ್ತಿ ‘ತ್ರಿವೇಣಿ ಶರಪಂಜರ’ ಎಂದರು. ಫೋನ್ ಅದನ್ನು ತಪ್ಪಿಲ್ಲದೆ ಬರೆದುಕೊಂಡಿತು. ಸೈಟ್ ಹೇಳಿತು: ‘ಯಾವುದೇ ಫಲಿತಾಂಶ ಕಂಡುಬಂದಿಲ್ಲ.’

ಆ ಪುಸ್ತಕ ನಮ್ಮಲ್ಲಿದೆ. ಕಿಟಕಿ ಪಕ್ಕದ ಕಪಾಟಿನಲ್ಲಿ, ಒಂದಲ್ಲ ಎರಡು ಪ್ರತಿ. ಸೈಟ್ ಪುಸ್ತಕದ ಹೆಸರನ್ನು ಒಂದು ಕಡೆ, ಲೇಖಕರ ಹೆಸರನ್ನು ಇನ್ನೊಂದು ಕಡೆ ಹುಡುಕುತ್ತದೆ. ಎರಡೂ ಒಟ್ಟಿಗೆ ಬಂದರೆ ಕೈಚೆಲ್ಲುತ್ತದೆ. ಆದರೆ ಅವರು ‘ಸೈಟ್ ಸರಿಯಿಲ್ಲ’ ಎನ್ನಲಿಲ್ಲ. ‘ಇಲ್ವಂತೆ ಕಣಮ್ಮ, ಯಾರೋ ತಗೊಂಡು ಹೋದವರು ವಾಪಸ್ ಕೊಟ್ಟಿರಲಿಕ್ಕಿಲ್ಲ’ ಎಂದರು. ಎದ್ದು ಹೋಗುವಾಗ ನನ್ನ ಬೆನ್ನು ತಟ್ಟಿ, ‘ಚೆನ್ನಾಗಿ ಮಾಡಿದ್ದೀರಿ’ ಎಂದರು. ಅವರು ಮನಸ್ಸಿನಿಂದಲೇ ಹೇಳಿದ್ದು. ಹೂಗುಚ್ಛ ಕಳಿಸಿದವರೂ ಮನಸ್ಸಿನಿಂದಲೇ ಕಳಿಸಿದ್ದಾರೆ ಎಂದು ಅವತ್ತು ನನಗೆ ಮನವರಿಕೆಯಾಯಿತು. ದಾರಿ ತಪ್ಪಿದ ಓದುಗರು ತಾವೇ ದಡ್ಡರು ಅಂದುಕೊಳ್ಳುತ್ತಾರೆ, ಇಲ್ಲವೇ ಪುಸ್ತಕವೇ ಇಲ್ಲ ಅಂದುಕೊಳ್ಳುತ್ತಾರೆ. ದೂರು ಹುಟ್ಟುವುದೇ ಇಲ್ಲ.

ಹೀಗೆ ಪಕ್ಕದಲ್ಲಿ ಕೂತು ನೋಡುವುದಕ್ಕೆ ದೊಡ್ಡ ಗುಂಪು ಬೇಕಿಲ್ಲ. ಡೆನ್ಮಾರ್ಕ್ ಮೂಲದ ಯಾಕೋಬ್ ನೀಲ್ಸನ್ ಈ ವಿದ್ಯೆಯಲ್ಲಿ ದೊಡ್ಡ ಹೆಸರು. ಐದು ಜನರನ್ನು ಕೂರಿಸಿ ನೋಡಿದರೆ ಸುಮಾರು ಶೇಕಡಾ 85ರಷ್ಟು ತೊಡಕುಗಳು ಹೊರಬೀಳುತ್ತವೆ, ಅವನ್ನು ಸರಿಮಾಡಿ ಮತ್ತೆ ಐದು ಜನರಿಗೆ ತೋರಿಸಿ ಎಂದು ಅವನು 2000ದಲ್ಲಿ ಬರೆದ. ಈ ಲೆಕ್ಕದ ಬಗ್ಗೆ ತಕರಾರುಗಳಿವೆ. ನನಗೂ ಒಂದಿದೆ: ಆ ಐದೂ ಜನ ಒಂದೇ ತರಹದವರಾದರೆ ಈ ಮಾತು ಸರಿ. ನಮ್ಮಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿದ್ದಾರೆ, ಮಧ್ಯಾಹ್ನ ಕಾದಂಬರಿ ಓದುವ ಗೃಹಿಣಿಯರಿದ್ದಾರೆ, ಹಳೆಯ ವಾರಪತ್ರಿಕೆಗಳಲ್ಲಿ ತಮ್ಮದೇ ಕವಿತೆ ಹುಡುಕುವ ಕವಿಗಳಿದ್ದಾರೆ, ಷಿಕಾಗೊದಲ್ಲಿ ಕೂತು ಅಪ್ಪನ ಹೆಸರಿನಲ್ಲಿ ಪುಸ್ತಕ ದಾನ ಮಾಡಬಯಸುವ ಮಕ್ಕಳಿದ್ದಾರೆ. ಪ್ರತಿ ಗುಂಪಿನಿಂದಲೂ ಕೆಲವರು ಬೇಕು. ಪರೀಕ್ಷೆ ಅನ್ನುವ ಮಾತಿಗೆ ಹೆದರಬೇಡಿ. ಪರೀಕ್ಷೆ ಸೈಟಿಗೆ, ನಿಮಗಲ್ಲ.

ಇನ್ನು ಕನ್ನಡದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ನಿಮ್ಮ ಕಣ್ಣು ಆ ಹುಡುಗಿಯ ಕಂಪ್ಯೂಟರಿಗಿಂತ ಚುರುಕು.

ಸೈಟುಗಳನ್ನು ಶೂನ್ಯದಿಂದ ಯಾರೂ ಕಟ್ಟುವುದಿಲ್ಲ. ಸಿದ್ಧ ಟೆಂಪ್ಲೇಟ್ ತಂದು ಅದಕ್ಕೆ ನಮ್ಮ ಮಾತು ತುಂಬುತ್ತಾರೆ. ಆ ಟೆಂಪ್ಲೇಟುಗಳು ಇಂಗ್ಲಿಷಿನ ಅಳತೆಗೆ ಹೊಲಿದವು. ಇಂಗ್ಲಿಷ್ ಅಕ್ಷರ ಗೆರೆಯ ಕೆಳಗೆ ಇಳಿಯುವುದು ಅಷ್ಟಕ್ಕಷ್ಟೆ. ಕನ್ನಡದಲ್ಲಿ ಒತ್ತಕ್ಷರ ಇಳಿಯುತ್ತದೆ, ಒತ್ತಿಗೆ ಇನ್ನೊಂದು ಒತ್ತು ಸೇರುತ್ತದೆ. ‘ಶಾಸ್ತ್ರ’, ‘ರಾಷ್ಟ್ರ’, ‘ಸ್ವಾತಂತ್ರ್ಯ’ ಇಂಥ ಪದಗಳನ್ನು ಬಟನ್‌ಗಳ ಮೇಲೆ ಹುಡುಕಿ ನೋಡಿ. ನನ್ನ ಫೋನಿನಲ್ಲಿ ‘ಸಮಾಜಶಾಸ್ತ್ರ’ದ ಒತ್ತುಗಳ ಪಾದ ಬಟನ್ನಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿದೆ. ಹುಡುಗಿಯ ಫೋನಿನಲ್ಲಿ ಸರಿಯಾಗಿದೆ. ಫೋನಿನಿಂದ ಫೋನಿಗೆ ಕನ್ನಡದ ಫಾಂಟ್ ಬೇರೆ, ಅದರ ಎತ್ತರ ಬೇರೆ. ಸೈಟ್ ತನ್ನದೇ ಫಾಂಟನ್ನು ಜೊತೆಗೆ ಕಳಿಸುತ್ತದೆ, ಆದರೆ ನೆಟ್‌ವರ್ಕ್ ನಿಧಾನವಿದ್ದಲ್ಲಿ ಅದು ಬಂದು ಮುಟ್ಟುವ ತನಕ ಫೋನಿನ ಸ್ವಂತ ಫಾಂಟೇ ಕಾಣುತ್ತಿರುತ್ತದೆ. ಓದುತ್ತಿದ್ದಂತೆ ಅಕ್ಷರಗಳ ರೂಪ ತಟ್ಟನೆ ಬದಲಾಗಿ ಸಾಲು ಕೆಳಗೆ ಜಾರಿದರೆ ಅದಕ್ಕೆ ಇದೇ ಕಾರಣ. ಹಾಗಾದರೆ ನಮಗೆ ತಿಳಿಸಿ; ಊರಿನ ಯಾವ ಮೂಲೆಯಲ್ಲಿ ಕೂತಿದ್ದಿರಿ ಎಂಬುದನ್ನೂ ಬರೆಯಿರಿ.

ಇಂಗ್ಲಿಷಿನಲ್ಲಿ ತಲೆಬರಹ ಎದ್ದು ಕಾಣಬೇಕಾದರೆ ದೊಡ್ಡಕ್ಷರ ಬಳಸಿದರಾಯಿತು. ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಉಳಿಯುವುದು ದಪ್ಪಗೆ ಮಾಡುವುದೊಂದೇ ದಾರಿ. ದಪ್ಪಗಾದಷ್ಟೂ ಅಕ್ಷರದೊಳಗಿನ ಸಂದಿ ಮುಚ್ಚುತ್ತದೆ. ‘ದ’ಕ್ಕೂ ‘ಧ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು ತಾನೆ? ‘ಧಾರವಾಡ’ದ ಸೀಳು ನಿಮ್ಮ ಪರದೆಯಲ್ಲಿ ಕಾಣುತ್ತದೆಯೋ ಇಲ್ಲವೋ ನೋಡಿ.

ಉದ್ದದ ಹೆಸರುಗಳನ್ನು ಸೈಟ್ ಕತ್ತರಿಸಿ ಮುಂದೆ ಮೂರು ಚುಕ್ಕೆ ಇಡುತ್ತದೆ. ಇದು ಮಹಾ ಅಪಾಯಕಾರಿ. ಕಂಪ್ಯೂಟರು ನಮ್ಮ ಹಾಗೆ ಅಕ್ಷರ ಎಣಿಸುವುದಿಲ್ಲ. ‘ಸ್ತ್ರೀ’ ನಮಗೆ ಒಂದು ಅಕ್ಷರ. ಕಂಪ್ಯೂಟರಿಗೆ ಸಕಾರ, ತಕಾರ, ರಕಾರ, ನಡುವೆ ಎರಡು ಹಲಂತ ಚಿಹ್ನೆ, ಕೊನೆಗೊಂದು ದೀರ್ಘ, ಒಟ್ಟು 6. ಎಲ್ಲೋ ನಡುವೆ ಕತ್ತರಿ ಬಿದ್ದರೆ ಅಕ್ಷರದ ಅಂಗ ಊನವಾಗುತ್ತದೆ. ಅಂಗ ಊನವಾಗದೆ ಅರ್ಥವೇ ಬದಲಾಗುವುದೂ ಉಂಟು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಮ್ಮ ಪಟ್ಟಿಯಲ್ಲಿ ಸದ್ಯ ‘ಮಲೆಗಳಲ್ಲಿ ಮದುಮಗ…’ ಆಗಿದೆ. 1967ರಿಂದ ಹೆಣ್ಣಾಗಿದ್ದವಳು ನಮ್ಮ ಸೈಟಿನಲ್ಲಿ ಗಂಡಾದಳು. ಇಂಥವು ಇನ್ನೂ ಇರುತ್ತವೆ, ಹುಡುಕಿಕೊಡಿ. ಇದರಲ್ಲಿ ನಿಮಗೂ ಖುಷಿ ಇದೆ.

ಪುಸ್ತಕಗಳ ಅಕಾರಾದಿಯಲ್ಲೂ ತಕರಾರಿದೆ. ವರ್ಣಮಾಲೆಯಲ್ಲಿ ‘ಳ’ ಕಟ್ಟಕಡೆಗೆ, ‘ಹ’ದ ನಂತರ. ಕಂಪ್ಯೂಟರಿನ ಯುನಿಕೋಡ್ ಪಟ್ಟಿಯಲ್ಲಿ ಅದು ‘ಲ’ದ ಪಕ್ಕ, ‘ವ’ಕ್ಕಿಂತ ಮೊದಲು. ಆದ್ದರಿಂದ ‘ಕಳ’ ಎಂದು ಶುರುವಾಗುವ ಪುಸ್ತಕಗಳು ‘ಕವಿ’ಗಿಂತ ಮುಂಚೆ ಬಂದು ಕೂತಿವೆ. ನಿಘಂಟು ತಿರುವಿ ಅಭ್ಯಾಸವಿದ್ದವರಿಗೆ ಇದು ಕಿರಿಕಿರಿ. ಸರಿಮಾಡುವ ವಿಧಾನ ಇದೆಯಂತೆ, ಮಾಡಿಸುತ್ತೇವೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಹುಡುಕಾಟ. ನಮ್ಮ ಲೇಖಕರಲ್ಲಿ ಹೆಸರಿಗೆ ಒಂದೇ ರೂಪ ಇರುವವರು ಕಡಿಮೆ. ಅ.ನ.ಕೃ. ಅವರನ್ನು ಚುಕ್ಕೆ ಇಟ್ಟು ಹುಡುಕುವವರಿದ್ದಾರೆ, ‘ಅನಕೃ’ ಎಂದು ಕೂಡಿಸಿ ಬರೆಯುವವರಿದ್ದಾರೆ, ಚುಕ್ಕೆಯ ನಂತರ ಜಾಗ ಬಿಡುವವರಿದ್ದಾರೆ. ತ.ರಾ.ಸು., ಪು.ತಿ.ನ. ಅವರದೂ ಇದೇ ಕತೆ. ಬೇಂದ್ರೆ ಎಂದರೆ ಬರುವ ಪುಸ್ತಕ ‘ಅಂಬಿಕಾತನಯದತ್ತ’ ಎಂದರೂ ಬರಬೇಕು. ಗೋಕಾಕರು ‘ವಿನಾಯಕ’, ಆದ್ಯ ರಂಗಾಚಾರ್ಯರು ‘ಶ್ರೀರಂಗ’, ತ್ರಿವೇಣಿ ಅನಸೂಯಾ ಶಂಕರ್. ಬೀಚಿಯವರಂತೂ ತಮ್ಮ ಹೆಸರಿನ ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡವರು. ಅವರ ಪುಸ್ತಕ ಹುಡುಕಲು ನೀವು ಏನು ಟೈಪ್ ಮಾಡುತ್ತೀರಿ ಎಂದು ತಿಳಿಯುವ ಕುತೂಹಲ ನನಗೆ ನಿಜಕ್ಕೂ ಇದೆ. ದಯವಿಟ್ಟು ನಿಮ್ಮ ಮೆಚ್ಚಿನ ಲೇಖಕರನ್ನು ನಿಮ್ಮ ನಾಲಿಗೆಗೆ ಬರುವ ಹೆಸರಿನಿಂದಲೇ ಹುಡುಕಿ. ಸಿಗದಿದ್ದರೆ ಏನು ಬರೆದಿರೋ ಅದರ ಸ್ಕ್ರೀನ್‌ಶಾಟ್ ಕಳಿಸಿ.

ಪಟ್ಟಿಯಲ್ಲಿ ಅಚ್ಚಿನ ತಪ್ಪುಗಳೂ ಇವೆ. ನಮ್ಮ ಹಳೆಯ ಪುಸ್ತಕ ಪಟ್ಟಿಯನ್ನು ಟೈಪ್ ಮಾಡಿದ್ದು ಯುನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟಿನಲ್ಲಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದು, ಆಮೇಲೆ ‘ನುಡಿ’ಯೂ ಬಂದು, ಕನ್ನಡದ ಊರೂರುಗಳು ಟೈಪಿಂಗ್ ಕಲಿತದ್ದು ಅವುಗಳ ಉಪಕಾರದಿಂದ. ಆದರೆ ಆ ಕಾಲದ ಫಾಂಟುಗಳಲ್ಲಿ ‘ಮ’ ಅನ್ನುವುದು ‘ವ’ಕ್ಕೆ ಕೊಂಬು ಅಂಟಿಸಿ ಮಾಡಿದ್ದು. ಅದನ್ನು ಈಗ ಯುನಿಕೋಡಿಗೆ ಪರಿವರ್ತಿಸುವಾಗ ಕೊಂಬು ಎಲ್ಲಾದರೂ ಉದುರಿದರೆ ‘ಮನೆ’ ‘ವನೆ’ಯಾಗುತ್ತದೆ. ಆ ಪುಸ್ತಕ ಕಪಾಟಿನಲ್ಲಿದ್ದರೂ ಸೈಟಿನ ಪಾಲಿಗೆ ಇಲ್ಲವಾಗುತ್ತದೆ, ಹುಡುಕುವವರ ಸಮಯ ಹಾಳು. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎಂಬುದು. ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲೇ ಗ್ರಂಥಾಲಯ ಶಾಸ್ತ್ರದ ಸಂಶೋಧನಾ ಕೇಂದ್ರ ಕಟ್ಟಿದವರು ಅವರು. ಸೈಟ್ ಚೆಂದ ಇದೆಯೋ ಇಲ್ಲವೋ ಎಂಬ ಜಗಳ ಬಂದಾಗಲೆಲ್ಲ ನಾನು ಈ ಸೂತ್ರ ಮುಂದಿಡುತ್ತಿದ್ದೇನೆ. ಕಟ್ಟಡದ ದೊಡ್ಡ ಫೋಟೊ ಚೆಂದವೇ. ಅದು ಯಾರ ಸಮಯ ಉಳಿಸಿತು?

ಪರ ಊರಿನ, ಪರದೇಶದ ಸದಸ್ಯರಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದಿದೆ. ಸದಸ್ಯತ್ವದ ಫಾರಂ ತುಂಬಿ ನೋಡಿ. ಅದು ಆರಂಕಿಯ ಪಿನ್‌ಕೋಡ್ ಕಡ್ಡಾಯ ಎನ್ನುತ್ತದೆ. ಅಮೆರಿಕದಲ್ಲಿ ಐದಂಕಿ, ದುಬೈಯಲ್ಲಿ ಪಿನ್‌ಕೋಡೇ ಇಲ್ಲ. ಓಟಿಪಿ ಭಾರತದ ಮೊಬೈಲಿಗೆ ಮಾತ್ರ ಬರುತ್ತದೆ. ಹೆಸರಿಗೆ ಎರಡು ಖಾನೆ, ಎರಡೂ ಕಡ್ಡಾಯ. ಬರೀ ಇನಿಶಿಯಲ್ ಇಟ್ಟುಕೊಂಡ ನಮ್ಮವರು ಕೊನೆಯ ಹೆಸರಿಗೆ ಏನು ಬರೆಯಬೇಕು? ಒಬ್ಬರು ಅಲ್ಲಿ ಚುಕ್ಕೆ ಇಟ್ಟು ಮುಂದೆ ಹೋಗಿದ್ದಾರೆ. ಇನ್ನು ಚಂದಾ ಕಟ್ಟುವ ಪುಟದಲ್ಲಿ ಒಂದು ಕ್ಯೂಆರ್ ಕೋಡ್ ಇದೆ. ಫೋನಿನಲ್ಲಿ ಸೈಟ್ ನೋಡುತ್ತಿರುವವರು ಅದೇ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡುವುದು ಹೇಗೆ? ಕನ್ನಡಿ ತರಬೇಕೆ? ಅದರ ಪಕ್ಕದಲ್ಲಿ, ಒತ್ತಿದರೆ ಸೀದಾ ಪಾವತಿ ಆ್ಯಪ್ ತೆರೆಯುವ ಬಟನ್ ಬರಲಿದೆ. ಇದನ್ನು ಕಂಡು ಹೇಳಿದ್ದು ಪಿಯುಸಿ ಓದುವ ಹುಡುಗ. ಸಮಿತಿಯ ನಾವ್ಯಾರೂ ಆ ಪುಟದಲ್ಲಿ ದುಡ್ಡು ಕಟ್ಟಲು ಹೋಗಿರಲಿಲ್ಲ.

ಕಣ್ಣು ಕಾಣದ ಸದಸ್ಯರು ನಮ್ಮಲ್ಲಿ ಇದ್ದಾರೆ. ಫೋನಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನು ಅವರಿಗೆ ಓದಿ ಹೇಳುತ್ತವೆ. ಆದರೆ ನಮ್ಮ ಕಾರ್ಯಕ್ರಮಗಳ ಆಮಂತ್ರಣವೆಲ್ಲ ಫೋಟೊ ರೂಪದಲ್ಲಿದೆ, ಹೂಬಳ್ಳಿಯ ಅಂಚಿನೊಂದಿಗೆ. ಓದುವ ತಂತ್ರಾಂಶ ಅಲ್ಲಿಗೆ ಬಂದು ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ. ದಿನಾಂಕ, ಸಮಯ, ಜಾಗ ಮೂರನ್ನೂ ಅಕ್ಷರದಲ್ಲಿ ಬರೆದು ಹಾಕುವುದು ಇನ್ನು ಮುಂದೆ ಕಡ್ಡಾಯ. ಹೂಬಳ್ಳಿ ಬೇಕಾದವರು ಕೆಳಗೆ ಇಟ್ಟುಕೊಳ್ಳಲಿ. ಇದರ ಬಗ್ಗೆ ಚರ್ಚೆ ಬೇಡ.

ನಾವು ಇನ್ನೊಬ್ಬರನ್ನು ಕೇಳುವುದನ್ನೇ ಮರೆಯುವ ಹಾಗಿತ್ತು: ದಿನಾ ವಾಚನಾಲಯದ ಬಾಗಿಲು ತೆಗೆಯುವ ನಮ್ಮ ಮೇಲ್ವಿಚಾರಕರು. ಹೊಸ ಪುಸ್ತಕ ಬಂದಾಗ ಅದನ್ನು ಸೈಟಿಗೆ ಏರಿಸಬೇಕಾದವರು ಅವರೇ. ಒಂದು ಪುಸ್ತಕ ಸೇರಿಸಲು ಸಾಲುಸಾಲು ಖಾನೆ ತುಂಬಬೇಕಾದರೆ, ಸದಸ್ಯರು ಎದುರಿಗೆ ಸಾಲುಗಟ್ಟಿ ನಿಂತಿರುವಾಗ ಅವರು ಅದನ್ನು ನಾಳೆಗೆ ಇಡುತ್ತಾರೆ. ಎಷ್ಟೋ ಸಂಘಗಳ ಸೈಟಿನಲ್ಲಿ ‘ಮುಂಬರುವ ಕಾರ್ಯಕ್ರಮಗಳು’ ಎಂಬ ತಲೆಬರಹದ ಕೆಳಗೆ ಎಂದೋ ಮುಗಿದ ರಾಜ್ಯೋತ್ಸವ ಇನ್ನೂ ಕಾಯುತ್ತಾ ಕೂತಿರುವುದನ್ನು ನೀವೂ ನೋಡಿದ್ದೀರಿ. ಸೈಟ್ ಸಾಯುವುದು ಹಾಗೆ. ಮೇಲ್ವಿಚಾರಕರು ಹೇಳಿದ ತಿದ್ದುಪಡಿಗಳು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಇರುತ್ತವೆ.

ನೀವು ಹೇಳಿದ್ದನ್ನೆಲ್ಲ ಮಾಡುತ್ತೇವೆ ಎಂದು ನಾನು ಮಾತು ಕೊಡುತ್ತಿಲ್ಲ. ಇಬ್ಬರು ಎರಡು ದಿಕ್ಕಿಗೆ ಎಳೆದರೆ ಇಬ್ಬರ ಮಾತೂ ನಡೆಯದು. ಇಂಗ್ಲಿಷ್ ವಿಕಿಪೀಡಿಯ 2023ರ ಜನವರಿಯಲ್ಲಿ ಹೊಸ ರೂಪ ತೊಟ್ಟಾಗ, ಸಾಲುಗಳು ಕಿರಿದಾದವು, ಎರಡೂ ಪಕ್ಕ ಖಾಲಿ ಜಾಗ ವ್ಯರ್ಥವಾಯಿತು ಎಂದು ದೊಡ್ಡ ಗಲಾಟೆಯಾಯಿತು. ಅಗಲ ಬೇಕಾದವರಿಗೆ ಅಗಲ ಮಾಡಿಕೊಳ್ಳುವ ಒಂದು ಬಟನ್ ಕೊಟ್ಟಿದ್ದಾರೆ. ಕಿರಿದಾದ ಸಾಲು ಕಣ್ಣಿಗೆ ಹಗುರ ಎಂಬ ತಮ್ಮ ವಾದವನ್ನು ಬಿಟ್ಟಿಲ್ಲ. ನನಗೆ ಅದು ಸರಿ ಕಾಣುತ್ತದೆ. ನಿಮ್ಮ ತೊಂದರೆಯನ್ನು ನಾವು ಪ್ರಶ್ನಿಸುವುದಿಲ್ಲ. ಪರಿಹಾರ ಯಾವುದೆಂದು ಆ ಹುಡುಗಿ ತೀರ್ಮಾನಿಸಲಿ. ‘ಅಕ್ಷರ ಕೆಂಪು ಮಾಡಿ’ ಎನ್ನುವ ಬದಲು ‘ಕೊನೆಯ ದಿನಾಂಕ ನನ್ನ ಕಣ್ಣಿಗೆ ಬೀಳಲಿಲ್ಲ, ದಂಡ ಕಟ್ಟಬೇಕಾಯಿತು’ ಎನ್ನಿ. ಕೆಂಪೋ, ದಪ್ಪವೋ, ಮೇಲಕ್ಕೋ ಅವಳು ನೋಡಿಕೊಳ್ಳುತ್ತಾಳೆ.

ಇನ್ನೊಂದು ವಿನಂತಿ: ನಿಮ್ಮ ಮಾತನ್ನು ಸದಸ್ಯರ ಗ್ರೂಪಿಗೆ ಹಾಕಬೇಡಿ, ನನಗೆ ಬೇರೆಯಾಗಿ ಕಳಿಸಿ. ಗ್ರೂಪಿನಲ್ಲಿ ಮೊದಲನೆಯವರು ‘ಅದ್ಭುತ’ ಎಂದರೆ ಎರಡನೆಯವರಿಗೆ ‘ನನಗೆ ಮೆನು ಸಿಗಲಿಲ್ಲ’ ಎನ್ನಲು ನಾಚಿಕೆಯಾಗುತ್ತದೆ. ಮೊದಲನೆಯವರು ಹಳೆಯ ಅಧ್ಯಕ್ಷರಾಗಿದ್ದರಂತೂ ಮುಗಿದೇಹೋಯಿತು. ಬರೆಯಲು ಬೇಸರವಾದರೆ ಮಾತಿನಲ್ಲೇ ರೆಕಾರ್ಡ್ ಮಾಡಿ ಕಳಿಸಿ. ಯಾವ ಫೋನು, ಏನು ಒತ್ತಿದಿರಿ, ಪರದೆಯಲ್ಲಿ ಏನು ಬಂತು, ಇಷ್ಟಿದ್ದರೆ ಸಾಕು. ಬೈದು ಕಳಿಸಿದರೂ ಸರಿಯೇ, ಹುಡುಗಿಗೆ ತಲುಪಿಸುವ ಮುನ್ನ ಬೈಗುಳ ತೆಗೆಯುವ ಕೆಲಸ ನನ್ನದು.

ಈ ತಿಂಗಳ ಎಲ್ಲ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ವಾಚನಾಲಯದ ಜಗಲಿಯಲ್ಲಿ ಇರುತ್ತೇನೆ. ಕೂತು ನೋಡುವುದಕ್ಕೆ ಒಬ್ಬೊಬ್ಬರಿಗೆ ಕಾಲು ಗಂಟೆ ಸಾಕು. ಮೊಮ್ಮಕ್ಕಳ ಹೊಸ ಫೋನ್ ತರಬೇಡಿ. ಗಾಜು ಸೀಳಿದ್ದರೂ, ಅಕ್ಷರ ದೊಡ್ಡದು ಮಾಡಿಟ್ಟುಕೊಂಡಿದ್ದರೂ, ನೀವು ದಿನಾ ಬಳಸುವುದನ್ನೇ ತನ್ನಿ. ಮನೆಯಿಂದಲೇ ಚಾರ್ಜ್ ಮಾಡಿಕೊಂಡು ಬನ್ನಿ, ಇಲ್ಲಿ ಕೆಲಸ ಮಾಡುವ ಪ್ಲಗ್ ಒಂದೇ ಇರುವುದು, ಅದಕ್ಕೆ ಕಾಫಿ ಕೆಟಲ್ ಚುಚ್ಚಿರುತ್ತೇವೆ. ಕನ್ನಡಕ ಮರೆಯಬೇಡಿ. ಷಿಕಾಗೊ ಕಡೆಯವರು ನಿಮ್ಮ ಶನಿವಾರ ರಾತ್ರಿ ಊಟ ಮುಗಿಸಿ ವಿಡಿಯೊ ಕರೆ ಮಾಡಿದರೆ ನಮಗೆ ಆಗ ಭಾನುವಾರ ಬೆಳಿಗ್ಗೆಯೇ ಆಗಿರುತ್ತದೆ, ನಿಮ್ಮನ್ನೂ ಇಲ್ಲಿಂದಲೇ ನೋಡಿಕೊಳ್ಳುತ್ತೇನೆ.

ಇತಿ,
ವೆಬ್‌ಸೈಟ್ ಕೆಲಸ ಒಪ್ಪಿಕೊಂಡಿರುವ ನಿಮ್ಮ ಸಮಿತಿ ಸದಸ್ಯೆ